ಬರೋ ಕ್ಷೇತ್ರ ಅಂದರೇನು? ಮ್ಯಾಂಚೆಸ್ಟರ್ ಅನ್ನೋ ಹಳೇ ಕ್ಷೇತ್ರದ ಕಥೆ

ಬ್ರಿಟನ್‌ನ ಹಳೇ ಚುನಾವಣೆಗಳ ಬಗ್ಗೆ ಓದುವಾಗ ‘ಬರೋ’ ಅನ್ನೋ ಪದ ಪದೇ ಪದೇ ಸಿಗುತ್ತದೆ. ಪಾರ್ಲಿಮೆಂಟಿಗೆ ತನ್ನದೇ ಸದಸ್ಯರನ್ನು ಕಳಿಸುವ ಹಕ್ಕು ಪಡೆದ ಪಟ್ಟಣವೇ ಬರೋ. ಉಳಿದ ಊರು, ಹಳ್ಳಿ, ಹೊಲವೆಲ್ಲ ಕೌಂಟಿ, ಅಂದರೆ ಜಿಲ್ಲೆಯ ಲೆಕ್ಕಕ್ಕೆ. ಈ ಹಕ್ಕು ಬಹುತೇಕ ಊರುಗಳಿಗೆ ನೂರಾರು ವರ್ಷ ಹಿಂದೆ ಸಿಕ್ಕಿದ್ದು. ಆಮೇಲೆ ಊರು ಬೆಳೆಯಲಿ, ಪಾಳು ಬೀಳಲಿ, ಪಟ್ಟಿ ಮಾತ್ರ ಹೆಚ್ಚುಕಮ್ಮಿ ಹಾಗೇ ಉಳಿಯಿತು. ಜನವಾಸವೇ ಇಲ್ಲದ ಓಲ್ಡ್ ಸೇರಮ್ ಅನ್ನೋ ದಿಬ್ಬಕ್ಕೆ ಇಬ್ಬರು ಸದಸ್ಯರು. ಹತ್ತಿ ಗಿರಣಿಗಳಿಂದ ದಿನೇ ದಿನೇ ಬೆಳೆಯುತ್ತಿದ್ದ ಮ್ಯಾಂಚೆಸ್ಟರ್‌ಗೆ ತನ್ನವರು ಅಂತ ಒಬ್ಬರೂ ಇಲ್ಲ!

ಜನ ಸುಮ್ನೆ ಕೂರಲಿಲ್ಲ. 1819ರ ಆಗಸ್ಟ್ 16ರಂದು ಊರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಸುಮಾರು 60 ಸಾವಿರ ಜನ ಸೇರಿದರು. ಕೇಳಿದ್ದು ಮತದ ಹಕ್ಕನ್ನು, ಪಾರ್ಲಿಮೆಂಟಿನ ಸುಧಾರಣೆಯನ್ನು. ಭಾಷಣಕಾರ ಹೆನ್ರಿ ಹಂಟ್‌ನನ್ನು ಹಿಡಿಯೋಕೆ ಅಂತ ಕುದುರೆ ಸವಾರರನ್ನು ಗುಂಪಿನ ಮೇಲೆ ನುಗ್ಗಿಸಿದರು. ಹತ್ತಕ್ಕೂ ಜಾಸ್ತಿ ಜನ ಸತ್ತರು, ನೂರಾರು ಮಂದಿಗೆ ಗಾಯವಾಯಿತು. ಪೀಟರ್‌ಲೂ ಹತ್ಯಾಕಾಂಡ ಅನ್ನೋದು ಇದನ್ನೇ.

ಕೊನೆಗೆ 1832ರ ಸುಧಾರಣಾ ಕಾಯಿದೆ ಓಲ್ಡ್ ಸೇರಮ್‌ನಂಥ ಬರೋಗಳನ್ನು ಕಿತ್ತುಹಾಕಿ, ಮ್ಯಾಂಚೆಸ್ಟರ್‌ಗೆ ಎರಡು ಸ್ಥಾನ ಕೊಟ್ಟಿತು. ಮೊದಲು ಗೆದ್ದವರು ಮಾರ್ಕ್ ಫಿಲಿಪ್ಸ್ ಮತ್ತು ಚಾರ್ಲ್ಸ್ ಪೌಲೆಟ್ ಥಾಮ್ಸನ್. ಆದರೆ ಮತ ಇದ್ದದ್ದು ವರ್ಷಕ್ಕೆ ಕನಿಷ್ಠ ಹತ್ತು ಪೌಂಡ್ ಬಾಡಿಗೆ ಬೆಲೆಯ ಮನೆ, ಅಂಗಡಿ ಇದ್ದ ಗಂಡಸರಿಗೆ ಮಾತ್ರ. ಮೈದಾನದಲ್ಲಿ ಏಟು ತಿಂದ ನೇಕಾರರಲ್ಲಿ ಹೆಚ್ಚಿನವರು ಹೊರಗೇ ಉಳಿದರು. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಈ ಕ್ಷೇತ್ರಕ್ಕೂ ನಮ್ಮ ಕಡೆಗೂ ಒಂದು ನಂಟಿದೆ. 1847ರಿಂದ 1857ರವರೆಗೆ ಮ್ಯಾಂಚೆಸ್ಟರ್ ಸದಸ್ಯನಾಗಿದ್ದ ಜಾನ್ ಬ್ರೈಟ್, 1848ರಲ್ಲಿ ಭಾರತದ ಹತ್ತಿ ಬೆಳೆ ಕುರಿತ ಪಾರ್ಲಿಮೆಂಟ್ ಸಮಿತಿಯ ಅಧ್ಯಕ್ಷನಾಗಿದ್ದ. ಅಮೆರಿಕದ ಹತ್ತಿಯನ್ನೇ ನಂಬಿ ಕೂರೋದು ಬೇಡ ಅಂತ ಗಿರಣಿ ಮಾಲೀಕರ ಕಣ್ಣು ಧಾರವಾಡದ ಹತ್ತಿ ಮೇಲೆ ಬಿದ್ದಿತ್ತು. ಆ ಹತ್ತಿಯನ್ನು ಘಟ್ಟ ಇಳಿಸಿ ಕಾರವಾರ ಬಂದರಿನಿಂದ ಸಾಗಿಸಬೇಕು, ಆದರೆ ಧಾರವಾಡ ಮುಂಬೈ ಪ್ರಾಂತ್ಯದಲ್ಲಿ, ಕಾರವಾರ ಮದ್ರಾಸ್ ಪ್ರಾಂತ್ಯದಲ್ಲಿ. 1862ರಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆ ಈ ಹತ್ತಿ ವ್ಯಾಪಾರಿಗಳ ಒತ್ತಡವೂ ಇತ್ತು. ಮ್ಯಾಂಚೆಸ್ಟರ್‌ನವರ ದನಿಗೆ ಲಂಡನ್‌ನಲ್ಲಿ ಅಷ್ಟು ಬೆಲೆ ಬಂದಿತ್ತು ಆಗ.

1867ರಲ್ಲಿ ಇನ್ನೊಂದು ಸುಧಾರಣಾ ಕಾಯಿದೆ ಬಂತು. ಮ್ಯಾಂಚೆಸ್ಟರ್‌ಗೆ ಮೂರನೇ ಸ್ಥಾನ ಸಿಕ್ಕಿತು, ಆದರೆ ಒಬ್ಬ ಮತದಾರ ಎರಡೇ ಮತ ಹಾಕಬೇಕು ಅನ್ನೋ ವಿಚಿತ್ರ ನಿಯಮದ ಜೊತೆಗೆ. ಅದೇ ವರ್ಷ ನವೆಂಬರ್‌ನಲ್ಲಿ ನಡೆದ ಉಪಚುನಾವಣೆ ನನಗೆ ಇಡೀ ಕಥೆಯಲ್ಲೇ ಇಷ್ಟವಾದ ಭಾಗ. ಪಿಂಗಾಣಿ ಪಾತ್ರೆ ಮಾರುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದ ಲಿಲಿ ಮ್ಯಾಕ್ಸ್‌ವೆಲ್ ಅನ್ನೋ ಹೆಂಗಸಿನ ಹೆಸರು ಕಣ್ತಪ್ಪಿನಿಂದ ಮತದಾರರ ಪಟ್ಟಿಗೆ ಸೇರಿಬಿಟ್ಟಿತ್ತು. ಮಹಿಳಾ ಮತದ ಹೋರಾಟಗಾರ್ತಿ ಲಿಡಿಯಾ ಬೆಕರ್ ಆಕೆಯನ್ನು ಮತಗಟ್ಟೆಗೆ ಕರೆದುಕೊಂಡು ಹೋದರು. ಆಗಿನ್ನೂ ಗುಪ್ತ ಮತದಾನ ಇರಲಿಲ್ಲ, ಅದು ಬಂದದ್ದು 1872ರಲ್ಲಿ. ಎಲ್ಲರ ಎದುರಿಗೆ ಬಾಯಿಬಿಟ್ಟು ಹೇಳಬೇಕು. ಲಿಲಿ ‘ಜೇಕಬ್ ಬ್ರೈಟ್’ ಅಂದರು. ಆತ ಜಾನ್ ಬ್ರೈಟ್‌ನ ತಮ್ಮ, ಮಹಿಳೆಯರ ಮತದ ಪರ ಇದ್ದವನು. ಪಟ್ಟಿಯಲ್ಲಿ ಹೆಸರಿತ್ತಲ್ವಾ, ಅಧಿಕಾರಿ ಮತವನ್ನು ಬರೆದುಕೊಳ್ಳಲೇಬೇಕಾಯಿತು.

ಇದರಿಂದ ಧೈರ್ಯ ಬಂದು ಮ್ಯಾಂಚೆಸ್ಟರ್‌ನ ಸಾವಿರಾರು ಮಹಿಳೆಯರು ಪಟ್ಟಿಗೆ ಹೆಸರು ಸೇರಿಸಿ ಅಂತ ಅರ್ಜಿ ಹಾಕಿದರು. 1868ರಲ್ಲಿ ಕೋರ್ಟು ಆಗಲ್ಲ ಅಂದುಬಿಟ್ಟಿತು. ಅವರ ಪರ ನಿಂತ ವಕೀಲರಲ್ಲಿ ರಿಚರ್ಡ್ ಪ್ಯಾಂಕ್‌ಹರ್ಸ್ಟ್ ಕೂಡ ಇದ್ದರು. 1883ರಲ್ಲಿ ಅವರೇ ಈ ಕ್ಷೇತ್ರದ ಉಪಚುನಾವಣೆಗೆ ನಿಂತು ಸೋತರು.

ಎರಡೇ ವರ್ಷಕ್ಕೆ ಕ್ಷೇತ್ರವೇ ಮಾಯವಾಯಿತು. 1885ರ ಮರುಹಂಚಿಕೆಯಲ್ಲಿ ಮ್ಯಾಂಚೆಸ್ಟರ್ ಒಡೆದು ಆರು ಕ್ಷೇತ್ರವಾಯಿತು, ಒಂದೊಂದಕ್ಕೆ ಒಬ್ಬ ಸದಸ್ಯ. ಅಲ್ಲಿಂದಾಚೆ ಬ್ರಿಟನ್‌ನ ಬಹುತೇಕ ಕಡೆ ಒಂದು ಕ್ಷೇತ್ರಕ್ಕೆ ಒಬ್ಬರು ಅನ್ನೋದೇ ರೂಢಿಯಾಯಿತು, ಇವತ್ತು ನಮ್ಮ ಲೋಕಸಭೆಯಲ್ಲಿ ಇರುವ ಹಾಗೆ. ಆ ಆರರಲ್ಲಿ ಪೂರ್ವ ಕ್ಷೇತ್ರ ಆರ್ಥರ್ ಬಾಲ್ಫರ್‌ದು, ಪ್ರಧಾನಿಗಿರಿ ಬಿಟ್ಟ ಮರುತಿಂಗಳೇ, 1906ರಲ್ಲಿ ಅಲ್ಲೇ ಸೋತ. ಅದೇ ಚುನಾವಣೆಯಲ್ಲಿ ವಾಯವ್ಯ ಕ್ಷೇತ್ರದಿಂದ ಚರ್ಚಿಲ್ ಗೆದ್ದ.

ಅದಕ್ಕೂ ಮುಂಚೆ, 1905ರ ಅಕ್ಟೋಬರ್‌ನಲ್ಲಿ, ರಿಚರ್ಡ್ ಅವರ ಮಗಳು ಕ್ರಿಸ್ಟಬೆಲ್ ಮತ್ತು ಗಿರಣಿ ಕಾರ್ಮಿಕೆ ಆನಿ ಕೆನಿ ಮ್ಯಾಂಚೆಸ್ಟರ್‌ನ ಫ್ರೀ ಟ್ರೇಡ್ ಹಾಲ್‌ನಲ್ಲಿ ಎದ್ದು ನಿಂತು, ಹೆಂಗಸರಿಗೆ ಮತ ಕೊಡ್ತೀರಾ ಅಂತ ಕೇಳಿ ಜೈಲಿಗೆ ಹೋಗಿದ್ದರು. 1918ರ ಕಾಯಿದೆ 30 ದಾಟಿದ ಮಹಿಳೆಯರಿಗೆ, ಆಸ್ತಿಯ ಷರತ್ತು ಹಾಕಿ, ಮತ ಕೊಟ್ಟಿತು. ಮ್ಯಾಂಚೆಸ್ಟರನ್ನು ಹತ್ತು ಕ್ಷೇತ್ರವಾಗಿ ಮತ್ತೆ ಹಂಚಿದ್ದೂ ಅದೇ ಕಾಯಿದೆ.