ಜೀಪಿನಡಿ ನೀರು ಸುರಿದರೆ ಹಿಗ್ಗಬೇಡಿ

ಹಳೆಯ ಜೀಪಿಗೆ ಎಸಿ ಹಾಕಿಸಿಕೊಂಡವರು ಗ್ಯಾರೇಜಿಗೆ ಬಂದರೆ ಎರಡು ಮಾತು ಗ್ಯಾರಂಟಿ. "ತಂಪೇ ಆಗುದಿಲ್ಲ ಮಾರಾಯ್ರೇ" ಎನ್ನುವುದು ಒಂದು. "ಎಸಿ ಮಾತ್ರ ಒಳ್ಳೆದುಂಟು, ಅಡಿಯಲ್ಲಿ ನೀರು ಬೀಳುದು ನೋಡಿ" ಎನ್ನುವುದು ಇನ್ನೊಂದು. ಎರಡನೆಯದನ್ನು ಹೇಳುವಾಗ ಮುಖದಲ್ಲಿ ಹೆಮ್ಮೆ ಬೇರೆ. ಮೊದಲನೆಯ ದೂರಿಗೆ ಆ ನೀರೇ ಉತ್ತರ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಬರೆದಿಟ್ಟರೆ ಓದಿಯಾದರೂ ಬರುತ್ತಾರೇನೋ.

ನಮ್ಮದು ಕರಾವಳಿ. ಸುಳ್ಯ, ಬೆಳ್ತಂಗಡಿ ಕಡೆಯ ತೋಟದವರ ಮಹೀಂದ್ರದ ಎಂಎಂ 540 ಜೀಪು, ಹಳೆಯ ಮಾರುತಿ ಜಿಪ್ಸಿ, ಮೊದಲ ಕಾಲದ ಥಾರ್ ಇವೇ ಹೆಚ್ಚು ಬರುವ ಗಾಡಿಗಳು. ತಂಪಾಗದಿದ್ದರೆ ಮಾಲೀಕರ ಹತ್ತಿರ ಪರಿಹಾರವೂ ತಯಾರಿರುತ್ತದೆ: ದೊಡ್ಡ ಕಂಪ್ರೆಸರ್ (ಎಂಜಿನ್ ತಿರುಗಿಸುವ, ಎಸಿಯ ಗ್ಯಾಸನ್ನು ಒತ್ತುವ ಪಂಪು) ಹಾಕಿ. ಅದಾಗದಿದ್ದರೆ ಗ್ಯಾಸ್ ಇನ್ನೂ ಸ್ವಲ್ಪ ಹೊಡೀರಿ. ಗ್ಯಾಸ್ ಜಾಸ್ತಿಯಾದರೆ ಒತ್ತಡ ಏರಿ ಇದ್ದ ತಂಪೂ ಹೋಗುತ್ತದೆ. ಅದನ್ನು ತೂಕ ಮಾಡಿ ಹಾಕಬೇಕು, ಕೈಯಂದಾಜಿಗೆ ಅಲ್ಲ. ಆ ವಿಷಯ ಇಷ್ಟಕ್ಕೇ ಸಾಕು.

ಈಗ ನೀರಿನ ವಿಚಾರ. ಕೂಲಿಂಗ್ ಕಾಯಿಲ್‌ಗೆ ತಾಗಿದ ಗಾಳಿಯಲ್ಲಿರುವ ಆವಿ ನೀರಾಗಿ ಇಳಿಯುತ್ತದೆ, ಇದು ಎಲ್ಲರಿಗೂ ಗೊತ್ತು. ಆವಿಯನ್ನು ನೀರು ಮಾಡುವುದು ಪುಕ್ಕಟೆ ಕೆಲಸವಲ್ಲ ಎನ್ನುವುದು ಮಾತ್ರ ಯಾರ ತಲೆಗೂ ಹೋಗುವುದಿಲ್ಲ. ಒಂದು ಲೀಟರ್ ಕುದಿಯುವ ನೀರನ್ನು ಐಸ್ ಆಗುವ ಅಂಚಿನವರೆಗೆ ತಣಿಸಲು ಎಷ್ಟು ಬಿಸಿ ತೆಗೆಯಬೇಕೋ, ಒಂದು ಲೀಟರ್ ನೀರು ಆವಿಯಿಂದ ಇಳಿಯಬೇಕಾದರೆ ಅದರ ಐದಾರು ಪಟ್ಟು ಬಿಸಿ ತೆಗೆಯಬೇಕು. ಅಷ್ಟೂ ನಿಮ್ಮ ಎಂಜಿನ್ನಿನ ದುಡಿಮೆ, ನಿಮ್ಮ ಡೀಸೆಲ್. ಅದರಿಂದ ಸಿಕ್ಕಿದ್ದು ರಸ್ತೆಗೆ ಬಿತ್ತು. ಬೆನ್ನಿನ ಬೆವರು ಅಲ್ಲೇ ಇದೆ.

ಶುರುವಿನಲ್ಲಿ ನೀರು ಬೀಳುವುದು ಸರಿಯೇ. ಗಾಡಿಯೊಳಗೆ ಇದ್ದ ತೇವ ಅದು. ಬಾಗಿಲು ಗಟ್ಟಿ ಮುಚ್ಚುವ ಗಾಡಿಯಾದರೆ ಅರ್ಧ ಗಂಟೆಯೊಳಗೆ ಆ ಧಾರೆ ಹನಿಗೆ ಇಳಿಯಬೇಕು. ಒಳಗೆ ಕೂತವರ ಉಸಿರು, ಬೆವರಿನ ತೇವ ಇರುವುದರಿಂದ ಪೂರ್ತಿ ನಿಲ್ಲುವುದಿಲ್ಲ. ಪುತ್ತೂರಿನಿಂದ ಮಂಗಳೂರು ಮುಟ್ಟುವವರೆಗೂ ಒಂದೇ ಸಮ ಸುರಿಯುತ್ತಿದ್ದರೆ ಹೊರಗಿನ ಗಾಳಿ ಸಂದಿಗಳಿಂದ ಒಳಗೆ ನುಗ್ಗುತ್ತಲೇ ಇದೆ ಎಂದರ್ಥ. ಬ್ಲೋವರಿನ ಹೊರಗಾಳಿ ಮುಚ್ಚಳ ತೆರೆದಿದ್ದರೂ ಹೀಗಾಗುತ್ತದೆ. ಮೊದಲು ಅದನ್ನು ನೋಡಿ, ಆಮೇಲೆ ನನ್ನ ಹತ್ತಿರ ಬನ್ನಿ.

"ಕಲಬುರಗಿಯಲ್ಲಿ ನನ್ನ ಭಾವನಿಗೆ ಇದೇ ಕಿಟ್, ಅಲ್ಲಿ 42 ಡಿಗ್ರಿಯಲ್ಲೂ ತಂಪುಂಟು" ಎಂದು ವಾದಕ್ಕೆ ನಿಲ್ಲುವವರಿದ್ದಾರೆ. ಇರಬಹುದು. ಕಲಬುರಗಿಯ ಬೇಸಿಗೆಯ ಗಾಳಿ ಒಣ. ಸಂದಿಯಿಂದ ಬಂದ ಆ ಗಾಳಿಯನ್ನು ತಣಿಸಿದರೆ ಮುಗಿಯಿತು. ನಮ್ಮ 34 ಡಿಗ್ರಿಯ ಗಾಳಿ ಹಾಗಲ್ಲ, ತಣಿಸಲೂ ಬೇಕು, ಅದರ ತೇವ ಹಿಂಡಲೂ ಬೇಕು. ಲೆಕ್ಕ ಹಾಕಿದರೆ ಅಲ್ಲಿನ ಒಂದು ಕಿಲೋ ಗಾಳಿಗಿಂತ ಇಲ್ಲಿನ ಒಂದು ಕಿಲೋ ಗಾಳಿಯ ಹೊರೆ ಸುಮಾರು ಎರಡು ಪಟ್ಟು. ಬಿಸಿಲಿಗೆ ಕಾದ ತಗಡಿನ ಲೆಕ್ಕ ಬೇರೆ, ಅದರಲ್ಲಿ ಕಲಬುರಗಿಯವರದೇ ಕಷ್ಟ ಹೆಚ್ಚು. ಆದರೆ ಸಂದಿ ಎಂಬುದು ಭಾವನ ಗಾಡಿಗಿಂತ ನಿಮ್ಮ ಗಾಡಿಗೆ ದುಬಾರಿ.

ಬೆಳ್ತಂಗಡಿ ಕಡೆಯ ಅಡಿಕೆ ತೋಟದ ಹಿರಿಯರೊಬ್ಬರು ಎಂಎಂ 540 ತಂದರು. ಕ್ಯಾನ್ವಾಸ್ ಟಾಪ್, ಕ್ಯಾನ್ವಾಸ್ ಬಾಗಿಲು. ಯಾರೋ ದೊಡ್ಡ ವ್ಯಾನಿನ ಕಂಪ್ರೆಸರ್ ಕೂರಿಸಿ, ಎರಡು ಕೂಲಿಂಗ್ ಕಾಯಿಲ್ ತೂಗುಹಾಕಿದ್ದರು. ಆ 2.1 ಲೀಟರಿನ ಪ್ಯೂಜೊ ಡೀಸೆಲ್ ಎಂಜಿನ್ ಹೊಸದಿದ್ದಾಗಲೇ ಕೊಡುತ್ತಿದ್ದದ್ದು 60ರ ಆಸುಪಾಸಿನ ಅಶ್ವಶಕ್ತಿ. ಚಾರ್ಮಾಡಿ ಘಾಟಿ ಏರುವಾಗ ಎಸಿ ಹಾಕಿದರೆ ಸೆಕೆಂಡ್ ಗೇರಿಗೂ ಉಸಿರಿಲ್ಲ, ರೇಡಿಯೇಟರ್ ಕುದಿಯುತ್ತದೆ, ಇವರು ಮಾತ್ರ ಪಂಚೆಯಲ್ಲಿ ಮುಖ ಒರೆಸಿಕೊಳ್ಳುತ್ತಾರೆ. "ಇದಕ್ಕಿಂತ ದೊಡ್ಡ ಕಂಪ್ರೆಸರ್ ಸಿಗುದಿಲ್ವಾ?" ಎಂದು ಕೇಳಿದರು. ಕತ್ತಲಾಗುವವರೆಗೆ ಕೂರಿಸಿ, ಚಾ ಕುಡಿಸಿ, ಗ್ಯಾರೇಜಿನ ದೀಪ ಆರಿಸಿದೆ. ಜೀಪಿನೊಳಗೆ ಪ್ರಖರವಾದ ಬಲ್ಬು ಹಚ್ಚಿ, ಬಾನೆಟ್ ಎತ್ತಿ, ಹೊರಗಿನಿಂದ, ಅಡಿಯಿಂದ ನೋಡಿ ಎಂದೆ. ಪೆಡಲುಗಳ ತೂತಿನಲ್ಲಿ ಬೆಳಕು, ಸ್ಟೇರಿಂಗ್ ರಾಡು ಒಳಹೋಗುವಲ್ಲಿ ಬೆಳಕು. ಫೋರ್ ವೀಲ್ ಲಿವರಿನ ಬುಡದ ರಬ್ಬರ್ ಹೊದಿಕೆ ಇರಬೇಕಾದ ಜಾಗದಲ್ಲಿ ಕೈ ತೂರುವಷ್ಟು ಬೆಳಕು. ಅವರು ಬಗ್ಗಿ ನೋಡಿ, "ಓ, ಇಲಿ ಬರುದು ಇಲ್ಲಿಂದಲಾ!" ಎಂದರು. ವರ್ಷಗಟ್ಟಲೆ ಸೀಟು ಕಚ್ಚಿದ ಇಲಿಯ ದಾರಿ ಸಿಕ್ಕಿದ ಖುಷಿಯಲ್ಲಿ ಎಸಿ ವಿಚಾರ ಅವರಿಗೆ ಮರೆತೇ ಹೋಯಿತು.

ಈ ಬಲ್ಬಿನ ಪರೀಕ್ಷೆಯನ್ನು ನೀವೇ ಮನೆಯಲ್ಲಿ ಮಾಡಬಹುದು, ಯಾವ ಮೆಕ್ಯಾನಿಕ್ಕೂ ಬೇಡ. ಮುಂದಿನ ಮಡಚುವ ಗ್ಲಾಸಿನ ಫ್ರೇಮ್ ಕೆಳಗಿನ ರಬ್ಬರ್ ಹಳೆಯ ಜೀಪುಗಳಲ್ಲಿ ಕಲ್ಲಾಗಿರುತ್ತದೆ, ಅದನ್ನು ಯಾರೂ ನೋಡುವುದಿಲ್ಲ. ಎಂಜಿನ್ ಕಡೆಯ ತಗಡಿನ ತೂತುಗಳನ್ನು ಗ್ರಾಮೆಟ್ (ತೂತಿಗೆ ಕೂರಿಸುವ ರಬ್ಬರ್ ಬಳೆ) ಹಾಕಿ ಮೊದಲು ಮುಚ್ಚಿ. ಅಲ್ಲಿಂದ ಬರುವುದು ಬರೀ ಹೊರಗಿನ ಗಾಳಿಯಲ್ಲ, ಎಂಜಿನ್ ಕಾಯಿಸಿದ ಗಾಳಿ. ಸೈಲೆನ್ಸರ್ ಪೈಪಿನ ಜೋಡಣೆ ಸೋರುತ್ತಿದ್ದರೆ ಹೊಗೆಯೂ ಅದೇ ದಾರಿ ಹಿಡಿಯುತ್ತದೆ. ಹೀಗಾಗಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ನಿಂತ ಹಳೆಯ ಜೀಪಿನಲ್ಲಿ ಎಂಜಿನ್, ಎಸಿ ಎರಡೂ ಹಾಕಿಕೊಂಡು ಮಲಗಬೇಡಿ, ಸಂದಿ ಮುಚ್ಚಿಸಿದ್ದರೂ ಬೇಡ. ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ.

ಸಂದಿ ಮುಚ್ಚಿದ ಮೇಲೆ ನೆಲಕ್ಕೆ, ಗೇರ್‌ಬಾಕ್ಸ್ ಮೇಲಿನ ತಗಡಿಗೆ ಶಾಖ ತಡೆಯುವ ಶೀಟ್. ಕ್ಯಾನ್ವಾಸ್ ಟಾಪ್ ಎಷ್ಟು ಒಳ್ಳೆಯದಿದ್ದರೂ ಕ್ಯಾನ್ವಾಸೇ, ಅದರಲ್ಲಿ ಕಾರಿನ ತಂಪನ್ನು ನಾನು ಯಾರಿಗೂ ಮಾತು ಕೊಡುವುದಿಲ್ಲ. ಹಾರ್ಡ್‌ಟಾಪ್ ಹಾಕಿಸುವುದಾದರೆ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಕೇಳಿ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಗಾಡಿಯ ಮಾರ್ಪಾಡಿನ ಬಗ್ಗೆಯೇ ಇದೆ. ಆರ್‌ಸಿಯಲ್ಲಿ ಒಂದು ಬಾಡಿ, ರಸ್ತೆಯಲ್ಲಿ ಇನ್ನೊಂದು ಎಂದಾದರೆ ರಿನ್ಯೂವಲ್ ಹೊತ್ತಿಗೂ ಇನ್ಶೂರೆನ್ಸ್ ಹೊತ್ತಿಗೂ ತಲೆನೋವು ನಿಮಗೇ.

ಇಷ್ಟಾದ ಮೇಲೆ ಕಂಪ್ರೆಸರ್. ಹೆಚ್ಚಿನ ಜೀಪುಗಳಿಗೆ ಸಾಧಾರಣ ಅಳತೆಯದೇ ಸಾಕು. 970 ಸಿಸಿಯ ಮೊದಲ ಜಿಪ್ಸಿಗೆ ದೊಡ್ಡದನ್ನು ಕೇಳಿದರೆ ನಾನು ಕೆಲಸವನ್ನೇ ಹಿಡಿಯುವುದಿಲ್ಲ. ಖರ್ಚು ಮಾಡುವುದಿದ್ದರೆ ಒಳಗಿನ ಬಿಸಿಯನ್ನು ಹೊರಗೆ ಬಿಡುವ, ರೇಡಿಯೇಟರ್ ಮುಂದಿನ ಕಂಡೆನ್ಸರಿಗೆ ಮಾಡಿ, ಅದರ ಮುಂದೆ ಒಳ್ಳೆಯ ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿ. ಶಿರಾಡಿ ಘಾಟಿಯಲ್ಲಿ ಲಾರಿಯ ಹಿಂದೆ ತೆವಳುವಾಗ ಮುಂದಿನಿಂದ ಗಾಳಿ ಎಲ್ಲಿಂದ ಬರಬೇಕು? ಕಂಡೆನ್ಸರಿನ ಬಿಸಿ ರೇಡಿಯೇಟರಿಗೆ ಹೋಗುತ್ತದೆ, ಎಂಜಿನ್ ಕಾಯುತ್ತದೆ. ಫ್ಯಾನ್, ಬ್ಲೋವರ್, ಕಂಪ್ರೆಸರಿನ ಕ್ಲಚ್ ಸೇರಿದರೆ ಕರೆಂಟು 20 ಆಂಪಿಯರ್ ದಾಟುವುದುಂಟು, ಆಲ್ಟರ್ನೇಟರ್ ತಡೆಯುತ್ತದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಗುಜರಿಯಲ್ಲಿ ಸಿಕ್ಕಿದ ಆರ್-12 ಎಂಬ ಹಳೆಯ ಗ್ಯಾಸಿನ ಕಾಲದ ಕಂಪ್ರೆಸರಿಗೆ ಹಳೆಯ ಎಣ್ಣೆ ಸಮೇತ ಆಮೇಲೆ ಬಂದ ಆರ್-134ಎ ಗ್ಯಾಸ್ ತುಂಬಿಸಬೇಡಿ, ಆ ಎಣ್ಣೆ ಈ ಗ್ಯಾಸಿನ ಜೊತೆ ಬೆರೆಯುವುದಿಲ್ಲ.

ಆ ಹಿರಿಯರಿಗೆ ಸಂದಿಗಳನ್ನೆಲ್ಲ ಮುಚ್ಚಿ, ಒಂದು ಕಾಯಿಲ್ ಕಿತ್ತು, ಚಿಕ್ಕ ಕಂಪ್ರೆಸರ್ ಹಾಕಿಕೊಟ್ಟೆ. ಹಾರ್ಡ್‌ಟಾಪ್ ಬೇಡ ಎಂದರು, ಹಿಂದೆ ಕೂರುವ ನಾಯಿಗೆ ಗಾಳಿ ಬೇಕಂತೆ! ಹಿಂದಿನ ಕ್ಯಾನ್ವಾಸ್ ಸುತ್ತಿಟ್ಟು ಎಸಿ ಹಾಕುವವರಿಗೆ ನಾನೇನು ಹೇಳಲಿ? ಬೇಸಿಗೆಯಲ್ಲಿ ಅವರು ಎಸಿ ಮುಟ್ಟುವುದೇ ಕಡಿಮೆ. ಮಳೆಗಾಲದಲ್ಲಿ ಮಾತ್ರ ಕ್ಯಾನ್ವಾಸ್ ಇಳಿಸಿ, ಮೂಡಿಗೆರೆಗೆ ಮಗಳ ಮನೆಗೆ ಹೋಗುವಾಗ ಹಾಕುತ್ತಾರೆ. ಘಾಟಿಯ ಮಂಜಿನಲ್ಲಿ ಗ್ಲಾಸಿನ ಒಳಗೆ ಕಟ್ಟುವ ಆವಿಯನ್ನು ಅದು ಎಳೆದು ತೆಗೆಯುತ್ತದೆ, ಬಟ್ಟೆಯಲ್ಲಿ ಒರೆಸುತ್ತ ಗಾಡಿ ಬಿಡುವುದು ತಪ್ಪಿತು. ಮಲೆನಾಡಿನವರು ಎಸಿ ಕೇಳಿಕೊಂಡು ಬಂದರೆ ನಾನು ಹೇಳುವ ಮುಖ್ಯ ಲಾಭವೂ ಅದೇ. ಬೇಡದ ತಿಂಗಳುಗಳಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಹಾಕಿ. ಕಂಪ್ರೆಸರಿನ ಸೀಲಿಗೆ ಎಣ್ಣೆ ಮುಟ್ಟದೆ ಅದು ಒಣಗಿದರೆ ಗ್ಯಾಸ್ ಅಲ್ಲಿಂದಲೇ ಹೋಗುತ್ತದೆ.