ಎರಡನೇ ಮಿರ್ಚಿಗೆ ಮುಂಚೆ ಸ್ವಲ್ಪ ತಡೆಯಿರಿ

ಸಂಜೆ ಹೊತ್ತು ಬಳ್ಳಾರಿಯಲ್ಲಿ ಮಿರ್ಚಿ ಬಂಡಿ ಹುಡುಕಿಕೊಂಡು ಹೋಗಬೇಕಿಲ್ಲ, ವಾಸನೆಯೇ ಕರೆಯುತ್ತದೆ. ಮೊದಲನೆಯದು ಬಾಯಿಗೆ ಬಿದ್ದಾಗ ಕಣ್ಣಲ್ಲಿ ನೀರು, ಮುಖದಲ್ಲಿ ನಗು. ಮೂರನೆಯದರ ಹೊತ್ತಿಗೆ ಕೈ ಮಿರ್ಚಿಯ ಮೇಲೆ, ಕಣ್ಣು ಫೋನಿನ ಮೇಲೆ. ಮಿರ್ಚಿ ಕೆಟ್ಟಿಲ್ಲ. ನಾಲಿಗೆಗೆ ರೂಢಿಯಾಗಿದೆ, ಅಷ್ಟೇ.

ಆಪ್ತ ಸಮಾಲೋಚನೆಗೆ ನನ್ನ ಹತ್ತಿರ ಬರುವ ಬಹಳ ಜನರ ಮೊದಲ ಮಾತು ಹೀಗಿರುತ್ತದೆ: "ತೊಂದ್ರೆ ಏನಿಲ್ರೀ ಮೇಡಂ. ಆದ್ರ ಬ್ಯಾಸರ. ದಿನಾ ಅದೇ ಅದೇ." ಫ್ಯಾನ್ ಹಾಕಿ ಹತ್ತು ನಿಮಿಷಕ್ಕೆ ಅದರ ಸದ್ದು ಕೇಳಿಸದಂತಾಗುತ್ತದೆ, ಅಲ್ವಾ? ಒಂದೇ ತರ ಬರುವುದನ್ನು ಮೆದುಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇದರಿಂದ ಅನುಕೂಲವೂ ಇದೆ. ಇಲ್ಲದಿದ್ದರೆ ಹಲ್ಲುಜ್ಜುವುದಕ್ಕೂ ದಿನಾ ಯೋಚಿಸಬೇಕಾಗುತ್ತಿತ್ತು. ಬೇಸರ ಅದಕ್ಕೆ ನಾವು ಕೊಡುವ ಬಾಡಿಗೆ.

2008ರಲ್ಲಿ ಲೈಫ್ ನೆಲ್ಸನ್, ಟಾಮ್ ಮೇವಿಸ್ ಎಂಬ ಸಂಶೋಧಕರು ಇದರ ಬಗ್ಗೆ ಪ್ರಯೋಗಗಳನ್ನು ಪ್ರಕಟಿಸಿದರು. ಮಸಾಜ್ ಮಾಡಿಸಿಕೊಳ್ಳುತ್ತಿದ್ದ ಕೆಲವರಿಗೆ ನಡುವೆ ಸ್ವಲ್ಪ ಹೊತ್ತು ನಿಲ್ಲಿಸಿದರು. ಜಾಸ್ತಿ ಹಿತ ಅನಿಸಿದ್ದು ಅವರಿಗೇ. ವ್ಯಾಕ್ಯೂಮ್ ಕ್ಲೀನರಿನ ಸದ್ದು ಕೇಳಿಸಿದಾಗ ಉಲ್ಟಾ. ನಡುವೆ ಬಿಡುವು ಸಿಕ್ಕವರಿಗೇ ಕಿರಿಕಿರಿ ಜಾಸ್ತಿ. ತಮಾಷೆ ಏನೆಂದರೆ, ಬಿಡುವು ಯಾವುದಕ್ಕೆ ಬೇಕು ಅಂತ ಮೊದಲೇ ಕೇಳಿದರೆ ಜನ ಇದಕ್ಕೆ ಸರಿಯಾಗಿ ತಿರುಗುಮುರುಗಾಗಿ ಆರಿಸುತ್ತಾರೆ.

ಮನೆಯಲ್ಲೂ ನಾವು ಮಾಡುವುದು ಅದನ್ನೇ. ಅರ್ಧ ಪಾತ್ರೆ ತೊಳೆದು, ನಾಲ್ಕು ರೀಲ್ಸ್ ನೋಡಿ, ಮತ್ತೆ ಪಾತ್ರೆಗೆ ಬರುತ್ತೇವೆ. ಪ್ರತಿ ಸಲ ಜಿಡ್ಡು ಹೊಸದಾಗಿ ಅಂಟುತ್ತದೆ. ಇಷ್ಟದ ಸೀರೀಸ್ ಮಾತ್ರ ಒಂದೇ ರಾತ್ರಿ ಮುಗಿಸಿಬಿಡುತ್ತೇವೆ.

ಇಲ್ಲಿನ ಜೀನ್ಸ್ ಘಟಕವೊಂದರಲ್ಲಿ ಜೇಬು ಹೊಲಿಯುವವರೊಬ್ಬರು ಕೆಲಸ ಬಿಡುವ ಯೋಚನೆಯಲ್ಲಿದ್ದರು. (ಇಬ್ಬರು ಮೂವರ ಕಥೆ ಸೇರಿಸಿ ಹೇಳುತ್ತಿದ್ದೇನೆ. ಗುರುತು ಸಿಗಬಾರದಲ್ಲ.) ಪೀಸ್ ಲೆಕ್ಕದ ಕೂಲಿ. ಬೇಸರಕ್ಕೆ ಆಗಾಗ ಫೋನ್ ಹಿಡಿಯುತ್ತಿದ್ದರು. ಹಾಗಾಗಿ ಪೀಸೂ ಕಡಿಮೆ, ಬೇಸರವೂ ಜಾಸ್ತಿ. ಒಂದು ಬಂಡಲ್ ಮುಗಿಯುವ ತನಕ ಕೂತೇ ಇರಿ, ಆಮೇಲೆ ಪೂರ್ತಿ ಎದ್ದು ಹೊರಗೆ ಬನ್ನಿ, ಫೋನ್ ಒಳಗೇ ಇರಲಿ ಅಂದೆ. ವಾರಕ್ಕೆ ಎರಡು ದಿನ ದಾರಿ ಬದಲಿಸಿ, ಕೋಟೆ ಗುಡ್ಡದ ಕಡೆಯಿಂದ ಮನೆಗೆ ಹೋಗುತ್ತೇನೆ ಅಂತ ಅವರೇ ಸೇರಿಸಿದರು. ಪವಾಡ ಏನೂ ಆಗಲಿಲ್ಲ. ಹೊಲಿಯುವುದು ಈಗಲೂ ಜೇಬೇ. ಕೆಲಸ ಬಿಡುವ ಮಾತು ಮಾತ್ರ ಸದ್ಯಕ್ಕೆ ನಿಂತಿದೆ.

"ಹೊಸ ಹವ್ಯಾಸ ಶುರು ಮಾಡಿ" ಅನ್ನುವ ಸಲಹೆ ಕೇಳಿದರೆ ನನಗೆ ಸಿಟ್ಟು ಬರುತ್ತದೆ, ಅದರಲ್ಲೂ ಅದನ್ನು ಗೃಹಿಣಿಯರಿಗೆ ಹೇಳಿದಾಗ. ಬೆಳಿಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿಯುವವರಿಗೆ ಅದು ಇನ್ನೊಂದು ಕೆಲಸ. ಹಾಗಾಗಿ ಒಬ್ಬ ಅಕ್ಕನಿಗೆ ನಾನು ಹೊಸದೇನೂ ಹೇಳಲಿಲ್ಲ. ಅವರು ಮಧ್ಯಾಹ್ನ ಮೂರರ ಚಹಾವನ್ನು ಒಲೆ ಪಕ್ಕ ನಿಂತುಕೊಂಡೇ ಕುಡಿಯುತ್ತಿದ್ದರು. ವರ್ಷಗಟ್ಟಲೆ. "ಹೊರಗೆ ಕಟ್ಟೆ ಮೇಲೆ ಕೂತು ಕುಡೀರಿ ಅಕ್ಕಾ" ಅಂದೆ. "ಇದಕ್ಕೂ ಫೀಸ್ ಕೊಡಬೇಕೇನ್ರಿ?" ಅಂತ ನಕ್ಕರು. ಏಪ್ರಿಲ್ ತಿಂಗಳು ಮೂರು ಗಂಟೆಗೆ ಬಳ್ಳಾರಿಯ ಕಟ್ಟೆ ಅಂದರೆ ಕಾದ ಹಂಚು ಅನ್ನುವುದು ನನ್ನ ತಲೆಗೇ ಹೊಳೆದಿರಲಿಲ್ಲ. ಅವರೇ ಚಹಾದ ಹೊತ್ತನ್ನು ಆರಕ್ಕೆ ತಳ್ಳಿದರು. ಎರಡನೇ ವಾರಕ್ಕೆ ಪಕ್ಕದ ಮನೆಯ ಅಜ್ಜಿ ಲೋಟ ಹಿಡಿದುಕೊಂಡು ಬಂದರಂತೆ. ಮೂರನೇ ವಾರಕ್ಕೆ ಅತ್ತೆ. "ಈಗ ಒಬ್ಬಾಕಿ ಕೂಡಾಕ ಬ್ಯಾರೆ ಜಾಗ ಹುಡುಕಬೇಕ್ರೀ ಮೇಡಂ" ಅಂತ ಮೊನ್ನೆ ದೂರಿದರು. ಆ ದೂರಿನಲ್ಲಿ ಬೇಸರ ಇರಲಿಲ್ಲ.

ಬದಲಾವಣೆ 21 ದಿನಕ್ಕೆ ಕೂತುಬಿಡುತ್ತದೆ ಅಂತ ನಂಬಬೇಡಿ. ಲಂಡನ್ನಿನಲ್ಲಿ 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಅಭ್ಯಾಸ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ಸಾಕಾಯಿತು, ಕೆಲವರಿಗೆ 254ರ ತನಕ ಅಂದಾಜಾಯಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ. ನಾನು ಒಮ್ಮೆ ಯುಗಾದಿಗೆ ಐದು ಬದಲಾವಣೆ ಒಟ್ಟಿಗೆ ಶುರು ಮಾಡಿದ್ದೆ. ಬಾಗಿಲ ತೋರಣ ಒಣಗುವ ಮುಂಚೆ ಐದೂ ಒಣಗಿದ್ದವು. ಒಂದು ಸಾಕು. ಅದೂ ಹಳೆಯದಾಗುತ್ತದೆ. ಆಗ ಕಟ್ಟೆ ಬದಲಿಸಿ.

ಆದರೆ ಎಲ್ಲ ಬೇಸರವೂ ಚಹಾ ಕುಡಿದರೆ ಹೋಗುವಂಥದ್ದಲ್ಲ. ಎರಡು ವಾರಕ್ಕೂ ಜಾಸ್ತಿ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಸರಿಯಿಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನಿಸುತ್ತಿದೆ ಅಂದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಬೇಕು. ಬೆಂಗಳೂರಿಗೇ ಹೋಗಬೇಕೇನೋ ಅಂತ ಕಾಯಬೇಡಿ. ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಮಾನಸಿಕ ಕಾಯಿಲೆಗೆ ಔಷಧಿ ಕೊಡಬಹುದು ಅಂತ 1980ರ ದಶಕದಲ್ಲಿ ನಿಮ್ಹಾನ್ಸ್ ಮಾಡಿ ತೋರಿಸಿದ್ದು ಇದೇ ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಆಸ್ಪತ್ರೆಗೆ ಹೋಗಲು ಹಿಂಜರಿಕೆ ಇದ್ದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ. ನಂಬರ್ 14416. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.