ಕುದುರೆ, ಕಾಡೆಮ್ಮೆ, ಕಯೋಟಿ: ಜೋನ್ ಸ್ಮಿತ್ ಅವರ ಅಮೂರ್ತ ಚಿತ್ರಗಳಿಗೆ ಪ್ರಾಣಿಗಳು ಬಂದ ದಾರಿ

ಅಮೆರಿಕದ ಚಿತ್ರಕಲಾವಿದೆ ಜೋನ್ ಕ್ವಿಕ್-ಟು-ಸೀ ಸ್ಮಿತ್ 2025ರ ಜನವರಿಯಲ್ಲಿ ತೀರಿಕೊಂಡಾಗ ಅವರಿಗೆ 85 ವರ್ಷ. ಮೊಂಟಾನಾದ ಫ್ಲಾಟ್‌ಹೆಡ್ ಎಂಬ, ಮೂಲನಿವಾಸಿಗಳಿಗೆ ಮೀಸಲಾದ ಪ್ರದೇಶದಲ್ಲಿ ಹುಟ್ಟಿದ ಅವರು ಸೇಲಿಷ್ ಮತ್ತು ಕೂಟನೈ ಬುಡಕಟ್ಟುಗಳ ಒಕ್ಕೂಟಕ್ಕೆ ಸೇರಿದವರು. ಅವರ ವಂಶದಲ್ಲಿ ಶೋಶೋನಿ ಬುಡಕಟ್ಟಿನ ಕವಲೂ, ಫ್ರೆಂಚರು ಮತ್ತು ಕ್ರೀ ಬುಡಕಟ್ಟಿನವರು ಬೆರೆತ ಫ್ರೆಂಚ್-ಕ್ರೀ ಕವಲೂ ಇದ್ದವು. ಜೋನ್ ಎಂದರೆ ಫ್ರೆಂಚಿನಲ್ಲಿ ಹಳದಿ. ಆ ಫ್ರೆಂಚ್-ಕ್ರೀ ಕವಲಿನ ಗುರುತು ಹೆಸರಲ್ಲೇ ಉಳಿದಿದೆ. ಬಣ್ಣ ಸೋರಿ ಇಳಿದ, ಪತ್ರಿಕೆಯ ತುಣುಕುಗಳನ್ನು ಅಂಟಿಸಿದ ಅವರ ದೊಡ್ಡ ಕ್ಯಾನ್ವಾಸುಗಳಲ್ಲಿ ಕುದುರೆ, ಕಾಡೆಮ್ಮೆ (ಅಮೆರಿಕದ ಬೈಸನ್), ಮೊಲ, ತೋಳದಂಥ ಕಯೋಟಿಗಳು ಕೆಲವೇ ಗೆರೆಗಳಲ್ಲಿ ಮೂಡುತ್ತವೆ. ಅವುಗಳನ್ನು ಬುಡಕಟ್ಟಿನ ಅಲಂಕಾರವೆಂದು ಓದಿ ಮುಂದೆ ಹೋಗುವುದು ಸುಲಭ. ಆದರೆ ಆಧುನಿಕ ಚಿತ್ರದೊಳಗೆ ಆ ಪ್ರಾಣಿಗಳಿಗೆ ಜಾಗ ಸಿಕ್ಕಿದ್ದು ದೀರ್ಘವಾದ ಜಗಳದ ಫಲ.

ಉತ್ತರ ಅಮೆರಿಕದ ಬಯಲುನಾಡಿನಲ್ಲಿ ಚಿತ್ರ ಬರೆಯುತ್ತಿದ್ದುದು ಕಾಡೆಮ್ಮೆಯ ಚರ್ಮದ ಮೇಲೆ. ಗಂಡಸರು ಕುದುರೆ, ಸವಾರ, ಕಾಳಗಗಳನ್ನು ಬರೆದರೆ, ಹೆಂಗಸರು ಹೊದಿಕೆಗಳ ಮೇಲೂ ಚರ್ಮದ ಪೆಟ್ಟಿಗೆಗಳ ಮೇಲೂ ತ್ರಿಕೋನ, ವಜ್ರಾಕೃತಿ, ಪಟ್ಟೆಗಳನ್ನು ಜೋಡಿಸುತ್ತಿದ್ದರು. ಗುರುತಿಸಬಹುದಾದ ಆಕೃತಿಗಳಿಲ್ಲದ ಅಮೂರ್ತ ಕಲೆಯೆಂದರೆ ಇಪ್ಪತ್ತನೆಯ ಶತಮಾನದ ಯುರೋಪಿನ ಕೊಡುಗೆ ಎಂಬ ಮಾತು ಈ ಹೆಂಗಸರ ಕೆಲಸದ ಎದುರು ನಿಲ್ಲುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ, ಕೋಟಿಗಟ್ಟಲೆ ಇದ್ದ ಕಾಡೆಮ್ಮೆಗಳು ಬೇಟೆಗೆ ಬಲಿಯಾಗಿ ಸಾವಿರಕ್ಕಿಂತ ಕಡಿಮೆಯಾದವು. ಚರ್ಮ ಸಿಗದಾದಾಗ ಗಂಡಸರು ಹಳೆಯ ಲೆಕ್ಕದ ಪುಸ್ತಕಗಳ ಹಾಳೆಗಳ ಮೇಲೆ ಅದೇ ಕುದುರೆಗಳನ್ನು ಬರೆದರು.

1932ರಲ್ಲಿ ನ್ಯೂ ಮೆಕ್ಸಿಕೋದ ಸಾಂಟಾ ಫೆಯ ಇಂಡಿಯನ್ (ಎಂದರೆ ಅಮೆರಿಕದ ಮೂಲನಿವಾಸಿಗಳ) ಶಾಲೆಯಲ್ಲಿ ಡಾರಥಿ ಡನ್ ಎಂಬ ಶಿಕ್ಷಕಿ ಚಿತ್ರಶಾಲೆಯೊಂದನ್ನು ತೆರೆದರು. ಅಲ್ಲಿ ಬೆಳೆದ ಶೈಲಿಯಲ್ಲಿ ನೆರಳು-ಬೆಳಕಿಲ್ಲದ ಚಪ್ಪಟೆ ಬಣ್ಣಗಳಲ್ಲಿ ಜಿಂಕೆಗಳೂ ಕುದುರೆಗಳೂ ಮೂಡಿದವು, ಮಾರುಕಟ್ಟೆಗೆ ಅದು ಹಿಡಿಸಿತು, ಕ್ರಮೇಣ ಅದೇ 'ನಿಜವಾದ ಇಂಡಿಯನ್ ಚಿತ್ರ'ದ ಅಳತೆಗೋಲಾಯಿತು. 1958ರಲ್ಲಿ ಓಕ್ಲಹೋಮಾದ ಟಲ್ಸಾ ನಗರದ ಫಿಲ್‌ಬ್ರೂಕ್ ಕಲಾಸಂಗ್ರಹಾಲಯದ ಚಿತ್ರಸ್ಪರ್ಧೆಯ ತೀರ್ಪುಗಾರರು ಡಕೋಟಾ ಬುಡಕಟ್ಟಿನ ಕಲಾವಿದ ಆಸ್ಕರ್ ಹೌ ಅವರ ಅಮೂರ್ತ ಚಿತ್ರವನ್ನು, ಅದು ಸಾಂಪ್ರದಾಯಿಕ ಇಂಡಿಯನ್ ಶೈಲಿಯದಲ್ಲವೆಂದು ತಳ್ಳಿಹಾಕಿದರು. ಹೌ ಬರೆದ ಪ್ರತಿಭಟನೆಯ ಪತ್ರ ಮುಂದಿನ ತಲೆಮಾರಿಗೆ ಬಾಗಿಲು ತೆರೆಯಿತು. ಅತ್ತ ನ್ಯೂಯಾರ್ಕಿನ ಅಮೂರ್ತ ಕಲೆಯ ಮುಂಚೂಣಿಯಲ್ಲಿ ಗುರುತಿಸಬಹುದಾದ ಆಕೃತಿಯೇ ಹಳತೆನಿಸಿಕೊಂಡಿದ್ದ ಕಾಲವದು. ಒಂದು ಕಡೆ ಪ್ರಾಣಿಯನ್ನಷ್ಟೇ ಬರೆಯಿರಿ ಎಂಬ ಒತ್ತಾಯ, ಇನ್ನೊಂದು ಕಡೆ ಪ್ರಾಣಿಯನ್ನು ಬಿಡಿ ಎಂಬ ಒತ್ತಾಯ.

ಇಲ್ಲಿ ಭಾಷೆಯ ಮಾತೊಂದನ್ನು ಹೇಳಬೇಕು. ಕ್ರೀ ಭಾಷೆಯ ನಾಮಪದಗಳಲ್ಲಿ ಗಂಡು-ಹೆಣ್ಣೆಂಬ ಭೇದವಿಲ್ಲ, ಸಜೀವ-ನಿರ್ಜೀವ ಎಂಬ ಎರಡು ವರ್ಗಗಳಿವೆ. ಮನುಷ್ಯರು, ಪ್ರಾಣಿಗಳು, ಮರಗಳಷ್ಟೇ ಅಲ್ಲದೆ ಕಲ್ಲು ಕೂಡ ಅಲ್ಲಿ ಸಜೀವ. ನಾವು 'ಹಸು ಬಂತು', 'ಕಲ್ಲು ಬಿತ್ತು' ಎಂದು ಎರಡನ್ನೂ ನಪುಂಸಕಲಿಂಗಕ್ಕೆ ಸೇರಿಸುತ್ತೇವೆ; ಕ್ರೀಯಲ್ಲಿ ಅವೆರಡೂ ಮನುಷ್ಯನ ಸಾಲಿಗೇ ಸೇರುತ್ತವೆ. ಸ್ಮಿತ್ ವ್ಯಾಕರಣ ನೋಡಿ ಚಿತ್ರ ಬರೆದರೆಂದು ನಾನು ಹೇಳುತ್ತಿಲ್ಲ. ಪ್ರಾಣಿಯನ್ನು ಸಂಕೇತವೆನ್ನುವುದಕ್ಕಿಂತ ನೆಂಟನೆಂದು ಕಾಣುವ ಬದುಕಿನ ಗುರುತು ಆ ವ್ಯಾಕರಣದಲ್ಲಿದೆ, ಅವರ ಚಿತ್ರಗಳಲ್ಲೂ ಇದೆ ಎಂಬುದು ನನ್ನ ತಿಳಿವಳಿಕೆ. ಸೇಲಿಷ್ ಕಥೆಗಳಲ್ಲಂತೂ ಭೂಮಿಯನ್ನು ಮನುಷ್ಯರ ವಾಸಕ್ಕೆ ಸಜ್ಜುಗೊಳಿಸಿದವನೇ ಕಯೋಟಿ.

ಸ್ಮಿತ್ ಅವರ ತಂದೆ ಕುದುರೆ ವ್ಯಾಪಾರಿ. ಎಳವೆಯಲ್ಲೇ ಹೊಲಗಳಲ್ಲಿ ಕೂಲಿ ಮಾಡಿದ ಆಕೆಗೆ ಕಾಲೇಜಿನ ಅಧ್ಯಾಪಕರೊಬ್ಬರು, ನೀನು ಹುಡುಗರಿಗಿಂತ ಚೆನ್ನಾಗಿ ಬರೆಯುತ್ತೀಯ, ಆದರೆ ಹೆಂಗಸರು ಕಲಾವಿದರಾಗಲಾರರು ಎಂದಿದ್ದರು. ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿ ಪಡೆಯುವ ಹೊತ್ತಿಗೆ 1980 ಬಂದಿತ್ತು. ಎಂಬತ್ತರ ದಶಕದಲ್ಲಿ ತಮ್ಮ ಕುದುರೆ ಶಯೆನ್ನ್ ಹೆಸರಿನಲ್ಲೇ ಒಂದು ಚಿತ್ರಮಾಲೆ ಬರೆದರು. ನ್ಯೂ ಮೆಕ್ಸಿಕೋದ ಆಲ್ಬುಕರ್ಕಿ ನಗರದ ಪಶ್ಚಿಮಕ್ಕಿರುವ ಲಾವಾ ಬಂಡೆಗಳ ಮೇಲಿನ ಸಾವಿರಾರು ಪ್ರಾಚೀನ ಕೆತ್ತನೆಗಳಿಗೆ ಮನೆ ಬಡಾವಣೆಗಳಿಂದ ಅಪಾಯ ಬಂದಾಗ ಆ ಜಾಗವನ್ನೇ ವಸ್ತುವಾಗಿಸಿಕೊಂಡು ಇನ್ನೊಂದು ಮಾಲೆ ಬಂತು. 1990ರಲ್ಲಿ ಆ ಜಾಗ ಸಂರಕ್ಷಿತ ರಾಷ್ಟ್ರೀಯ ಸ್ಮಾರಕವಾಯಿತು.

ಕೊಲಂಬಸ್ ಬಂದು 500 ವರ್ಷವಾಯಿತೆಂದು ಅಮೆರಿಕ ಆಚರಿಸಿದ 1992ರಲ್ಲಿ ಸ್ಮಿತ್ ಎರಡು ಮುಖ್ಯ ಚಿತ್ರಗಳನ್ನು ಮಾಡಿದರು. ಅವುಗಳಲ್ಲಿ 'ಐ ಸೀ ರೆಡ್: ಟಾರ್ಗೆಟ್' ಅನ್ನು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ 2020ರಲ್ಲಿ ಕೊಂಡಿತು, ಮೂಲನಿವಾಸಿ ಕಲಾವಿದರೊಬ್ಬರ ವರ್ಣಚಿತ್ರವನ್ನು ಆ ಸಂಸ್ಥೆ ಕೊಂಡದ್ದು ಅದೇ ಮೊದಲು, ಹೌ ಅವರ ಚಿತ್ರ ತಿರಸ್ಕೃತವಾಗಿ 62 ವರ್ಷಗಳಾದ ಮೇಲೆ. ಇನ್ನೊಂದು 'ಟ್ರೇಡ್'. ಅದರಲ್ಲಿ ದೊಡ್ಡ ದೋಣಿಯೊಂದರ ರೇಖೆ ಇದೆ, ಅದರ ಮೇಲೆ ದಾರಕ್ಕೆ ಕಟ್ಟಿದ ಅಗ್ಗದ ಸಾಮಾನುಗಳು ತೂಗುತ್ತಿವೆ: ಆಟಿಕೆ ಕೊಡಲಿಗಳು, 'ಇಂಡಿಯನ್' ಹೆಸರಿಟ್ಟುಕೊಂಡ ಕ್ರೀಡಾ ತಂಡಗಳ ಟೋಪಿಗಳು. ನೆಲ ಕಿತ್ತುಕೊಂಡ ಬಿಳಿಯರಿಂದ ಅದನ್ನು ಮರಳಿ ಪಡೆಯಲು ಬದಲಾಗಿ ಕೊಡುವುದಕ್ಕೆ ಇವೇ ಸಾಕು ಎಂಬುದು ಚಿತ್ರದ ವ್ಯಂಗ್ಯದ ಮಾತು. ಹತ್ತಿರ ಹೋಗಿ ನೋಡಿದರೆ ಹಸಿರು, ಬಿಳಿ, ಕೆಂಪು ಬಣ್ಣಗಳ ಅಡಿಯಲ್ಲಿ, ಪತ್ರಿಕೆಯ ಸಾಲುಗಳ ನಡುವೆ, ಜಿಂಕೆಯ ಮತ್ತು ಕಾಡೆಮ್ಮೆಯ ಚಿತ್ರಗಳು ಅಂಟಿಕೊಂಡಿರುವುದು ಕಾಣುತ್ತದೆ.